ನೂರು ದಿನ ನೀರ ಮೇಲೆ: ಐಷಾರಾಮಿ ಹಡಗಿನ ಸಂಸಾರ ನಡೆಯುವ ಬಗೆ

ಲೋಕ ಸುತ್ತುವ ಹಡಗುಗಳ ಜಾಹೀರಾತು ಪುಸ್ತಕ ತಿರುವಿದರೆ ಪುಟಪುಟದಲ್ಲೂ ಬಂದರುಗಳೇ. ಸಿಡ್ನಿ, ಹಾಂಗ್‌ಕಾಂಗ್, ಕೇಪ್‌ಟೌನ್. ಟಿಕೆಟ್ ಕೊಂಡವರ ದಿನಗಳ ಲೆಕ್ಕವೇ ಬೇರೆ. ಜನವರಿಯಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್‌ನಿಂದ ಹೊರಟು ಮೂರು ತಿಂಗಳಿಗೂ ಮೀರಿ ಸುತ್ತುವ ಕ್ವೀನ್ ಮೇರಿ 2ರಂಥ ಹಡಗಿನಲ್ಲಿ ಅರ್ಧದಷ್ಟಾದರೂ ದಿನ ಕಣ್ಣಿಗೆ ಬೀಳುವುದು ನೀರು ಮಾತ್ರ. ಈ ಪರಿಪಾಠಕ್ಕೆ ನೂರು ವರ್ಷ ದಾಟಿದೆ. 1922ರಲ್ಲಿ ಅಮೆರಿಕನ್ ಎಕ್ಸ್‌ಪ್ರೆಸ್ ಸಂಸ್ಥೆ ಕ್ಯೂನಾರ್ಡ್ ಕಂಪನಿಯ ಲಕೋನಿಯಾ ಹಡಗನ್ನು ಬಾಡಿಗೆಗೆ ಹಿಡಿದು ನ್ಯೂಯಾರ್ಕ್‌ನಿಂದ ಶ್ರೀಮಂತರನ್ನು ಭೂಮಿ ಸುತ್ತಿಸಿತು. ಅಂದಿನಿಂದ ಕ್ಯಾಬಿನ್ನು, ಊಟ, ಮನರಂಜನೆ ಎಲ್ಲ ಬದಲಾಗಿವೆ. ಬದಲಾಗದ್ದು ಒಂದೇ: ಹಡಗಿನ ಮೇಲೆ ಏನು ಮಾಡಬಹುದು, ಏನು ಮಾಡಬಾರದು ಎಂಬುದೆಲ್ಲ ದಡದಿಂದ ಎಷ್ಟು ದೂರದಲ್ಲಿದ್ದೇವೆ ಎಂಬುದರ ಮೇಲೆ ನಿಂತಿದೆ.

ಹತ್ತಿದ ದಿನ ಮೊದಲು ಆಗಬೇಕಾದದ್ದು ಕವಾಯತು. ಏಳು ಚಿಕ್ಕ ಸೀಟಿ, ಒಂದು ಉದ್ದ ಸೀಟಿ ಕೇಳಿದರೆ ಯಾರು ಎಲ್ಲಿ ಸೇರಬೇಕು, ಲೈಫ್ ಜಾಕೆಟ್ ಹೇಗೆ ಕಟ್ಟಿಕೊಳ್ಳಬೇಕು ಎಂದು ತೋರಿಸುತ್ತಾರೆ. ಮೊದಲು ಇದನ್ನು ಇಪ್ಪತ್ನಾಲ್ಕು ಗಂಟೆಯೊಳಗೆ ಮುಗಿಸಿದರೆ ಸಾಕಿತ್ತು. 2012ರ ಜನವರಿಯಲ್ಲಿ ಇಟಲಿಯ ತೀರದಲ್ಲಿ ಕೋಸ್ಟಾ ಕಾಂಕಾರ್ಡಿಯಾ ಬಂಡೆಗೆ ಬಡಿದು 32 ಮಂದಿ ಸತ್ತಾಗ, ಅದೇ ಸಂಜೆ ಹತ್ತಿದ್ದವರಿಗೆ ಕವಾಯತೇ ಆಗಿರಲಿಲ್ಲ. 2015ರಿಂದ ಹಡಗು ಹೊರಡುವ ಮೊದಲೇ, ತಡವಾದರೆ ಹೊರಟ ತಕ್ಷಣವೇ ಮಾಡಲೇಬೇಕು. ತಪ್ಪಿಸಿಕೊಂಡವರನ್ನು ಹೆಸರು ಹಿಡಿದು ಮೈಕಿನಲ್ಲಿ ಕೂಗುತ್ತಾರೆ, ಎಷ್ಟೇ ದೊಡ್ಡ ಸೂಟ್‌ನವರಾಗಿರಲಿ.

ಇನ್ನು ನೀರಿನ ಮೇಲಿನ ದಿನಚರಿ. ಮಾರನೆಯ ದಿನ ಎಲ್ಲೆಲ್ಲಿ ಏನೇನಿದೆ ಎಂಬ ಕಾರ್ಯಕ್ರಮ ಪಟ್ಟಿ ಹಿಂದಿನ ರಾತ್ರಿಯೇ ಕ್ಯಾಬಿನ್ನಿಗೆ ಬರುತ್ತದೆ. ಉಪನ್ಯಾಸ, ಬಾಲ್‌ರೂಮ್ ನೃತ್ಯದ ಪಾಠ, ಬ್ರಿಜ್ ಆಟ, ರಸಪ್ರಶ್ನೆ, ನಾಲ್ಕು ಗಂಟೆಗೆ ಟೀ, ರಾತ್ರಿ ನಾಟಕ. ಮೊದಲ ವಾರ ಜನ ಪೆನ್ನು ಹಿಡಿದು ಗುರುತು ಹಾಕಿಕೊಂಡು ಎಲ್ಲದಕ್ಕೂ ಓಡುತ್ತಾರೆ. ಮೂರನೆಯ ವಾರಕ್ಕೆ ಲೈಬ್ರರಿಯಲ್ಲೊಂದು ಕುರ್ಚಿ, ಡೆಕ್ಕಿನಲ್ಲೊಂದು ಮೂಲೆ ಗೊತ್ತಾಗಿ, ಅಲ್ಲಿ ಬೇರೆಯವರು ಕೂತರೆ ಮುಖ ಸಿಂಡರಿಸುವಷ್ಟು ಹಕ್ಕು ಬಂದಿರುತ್ತದೆ. ಮಧ್ಯಾಹ್ನ ಹನ್ನೆರಡಕ್ಕೆ ಕ್ಯಾಪ್ಟನ್ ಧ್ವನಿವರ್ಧಕದಲ್ಲಿ ಹಡಗು ಎಲ್ಲಿದೆ, ಗಾಳಿ ಹೇಗಿದೆ, ಕೆಳಗೆ ಸಮುದ್ರ ಎಷ್ಟು ಆಳ ಎಂದು ಹೇಳುತ್ತಾರೆ. ಉಳಿದದ್ದನ್ನು ಬಿಟ್ಟರೂ ಇದನ್ನು ಯಾರೂ ಬಿಡುವುದಿಲ್ಲ.

ಗಡಿಯಾರದ ಕಥೆಯಂತೂ ವಿಮಾನದಲ್ಲಿ ಹೋಗಿ ಬಂದವರಿಗೆ ತಿಳಿಯದು. ರೇಖಾಂಶ ಹದಿನೈದು ಡಿಗ್ರಿ ಸರಿದಂತೆ ಒಂದು ಗಂಟೆ ವ್ಯತ್ಯಾಸ. ಪಶ್ಚಿಮಕ್ಕೆ ಹೋಗುವಾಗ ಕೆಲವು ರಾತ್ರಿಗಳಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ನಿದ್ದೆ ಒಂದು ಗಂಟೆ ಹೆಚ್ಚು ಸಿಗುತ್ತದೆ. ಪೂರ್ವಕ್ಕೆ ಹೊರಟರೆ ಅಷ್ಟೇ ಕಳೆದುಕೊಳ್ಳಬೇಕು. ನ್ಯೂಯಾರ್ಕ್‌ನಿಂದ ಸೌತಾಂಪ್ಟನ್‌ಗೆ ಏಳು ರಾತ್ರಿಯ ಹಾದಿಯಲ್ಲಿ ಐದು ಗಂಟೆ ಹೋಗಬೇಕು. ರಾತ್ರಿಯ ನಿದ್ದೆಗೆ ಕತ್ತರಿ ಹಾಕುವುದು ಬೇಡವೆಂದು ಕ್ಯೂನಾರ್ಡ್ ಹಡಗುಗಳಲ್ಲಿ ನಡು ಮಧ್ಯಾಹ್ನವೇ ಹನ್ನೆರಡನ್ನು ಒಂದು ಮಾಡಿಬಿಡುತ್ತಾರೆ. ತಿಂಡಿ ಅರಗುವ ಮೊದಲೇ ಊಟದ ಹೊತ್ತು. ಪೆಸಿಫಿಕ್‌ನಲ್ಲಿ ದಿನಾಂಕ ರೇಖೆಯನ್ನು ಪಶ್ಚಿಮಕ್ಕೆ ದಾಟುವಾಗ ಕ್ಯಾಲೆಂಡರಿನ ಒಂದು ದಿನವೇ ಮಾಯ. ಸೋಮವಾರ ಮಲಗಿ ಬುಧವಾರ ಏಳುವುದು. ಆ ದಿನ ಹುಟ್ಟುಹಬ್ಬವಿದ್ದವರ ಕೇಕನ್ನು ಅಡುಗೆಮನೆಯವರು ಹಿಂದುಮುಂದು ಮಾಡಿ ಸರಿದೂಗಿಸಬೇಕು. ನಡುಗಡಲಲ್ಲಿ ಮೊಬೈಲ್ ಫೋನು ಹಡಗಿನ ಹೊತ್ತನ್ನು ತಾನಾಗಿ ಹಿಡಿಯುತ್ತದೆಂದು ನಂಬಬೇಡಿ. ಮುಳ್ಳಿನ ಕೈಗಡಿಯಾರ ಒಂದಿರಲಿ.

ಕುಡಿಯುವ ನೀರು, ಸ್ನಾನದ ನೀರು ಎಲ್ಲಿಂದ? ಸುತ್ತಲಿನ ಸಮುದ್ರದಿಂದಲೇ. ಎಂಜಿನ್ನನ್ನು ತಣಿಸಿ ಬಿಸಿಯಾದ ನೀರಿನ ಶಾಖವನ್ನೇ ಬಳಸಿ ಉಪ್ಪುನೀರನ್ನು ಕುದಿಸುತ್ತಾರೆ. ಕುದಿಯುವ ಪಾತ್ರೆಯೊಳಗಿನ ಗಾಳಿಯನ್ನು ಹೀರಿ ತೆಗೆದು ಒತ್ತಡ ಇಳಿಸಿರುವುದರಿಂದ ನೂರು ಡಿಗ್ರಿಯವರೆಗೆ ಕಾಯಿಸಬೇಕಿಲ್ಲ. ಎದ್ದ ಆವಿ ತಣಿದರೆ ಸಿಹಿನೀರು. ಅದಕ್ಕೆ ರುಚಿಯಿರುವುದಿಲ್ಲ, ಕೊಳವೆಗಳಿಗೂ ಒಳ್ಳೆಯದಲ್ಲ. ಅದಕ್ಕೆಂದೇ ಖನಿಜ ಸೇರಿಸಿ, ಕ್ಲೋರಿನ್ ಹಾಕಿ ನಲ್ಲಿಗೆ ಬಿಡುತ್ತಾರೆ. ಇದರ ಜೊತೆಗೆ ನಮ್ಮ ಮನೆಗಳ ಆರ್‌ಓ ಯಂತ್ರದ ದೊಡ್ಡಣ್ಣಂದಿರೂ ಕೆಳಗಿರುತ್ತಾರೆ. ಬಂದರಿನ ಕೊಳೆನೀರಿನಲ್ಲಿ ಈ ಕೆಲಸ ಮಾಡುವುದಿಲ್ಲ, ದಡ ಬಿಟ್ಟು ದೂರ ಹೋದ ಮೇಲೆಯೇ. ಬಂದರಿನಲ್ಲಿ ನಿಂತಷ್ಟು ಹೊತ್ತು ತೊಟ್ಟಿಯಲ್ಲಿ ತುಂಬಿಟ್ಟದ್ದೇ ಗತಿ.

ಹೊರಹೋಗುವುದಕ್ಕೂ ಮೈಲಿಗಳ ಲೆಕ್ಕವಿದೆ. ಮಾರ್ಪೋಲ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಊಟದ ಉಳಿಕೆಯನ್ನು 25 ಮಿಲಿಮೀಟರಿಗಿಂತ ಸಣ್ಣಗೆ ಅರೆದರೆ ಸಾಮಾನ್ಯವಾಗಿ ದಡದಿಂದ 3 ನಾಟಿಕಲ್ ಮೈಲಿ ಆಚೆ ಬಿಡಬಹುದು. ಅರೆಯದಿದ್ದರೆ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿಲೋಮೀಟರು ದಾಟಬೇಕು. ಕೆಲವು ಸಮುದ್ರಗಳಲ್ಲಿ ನಿಯಮ ಇನ್ನೂ ಬಿಗಿ. ಪ್ಲಾಸ್ಟಿಕ್‌ಗೆ ಎಷ್ಟು ದೂರ ಹೋದರೂ ಅನುಮತಿಯಿಲ್ಲ. ಬಾಲ್ಕನಿಯಿಂದ ಒಂದು ಸ್ಟ್ರಾ ಎಸೆದು ಸಿಕ್ಕಿಬಿದ್ದರೂ ದೊಡ್ಡ ತಂಟೆಯಾಗುತ್ತದೆ. ಶೌಚಾಲಯಗಳು ವಿಮಾನದಲ್ಲಿರುವಂತೆ ಗಾಳಿಯಿಂದ ಸೆಳೆದುಕೊಳ್ಳುವವು. ಗುಂಡಿ ಒತ್ತಿದರೆ ಗಕ್ಕನೆ ಒಂದು ಸದ್ದು, ಆಯಿತು. ಅದರೊಳಗೆ ಕಾಗದ ಬಿಟ್ಟು ಬೇರೇನಾದರೂ ಹಾಕಿದರೆ ನಿಮ್ಮದಷ್ಟೇ ಅಲ್ಲ, ಸಾಲಿನ ಅಕ್ಕಪಕ್ಕದ ಕ್ಯಾಬಿನ್ನುಗಳದೂ ಕಟ್ಟುತ್ತದೆ.

ಊಟದ ಬಗ್ಗೆ ಎಲ್ಲರೂ ಬರೆಯುತ್ತಾರೆ, ಹಾಗಾಗಿ ಚುಟುಕಾಗಿ ಹೇಳಿಬಿಡುತ್ತೇನೆ. ಕ್ವೀನ್ ಮೇರಿ 2ರಲ್ಲಿ ಸುಮಾರು 2,700 ಪ್ರಯಾಣಿಕರು, ಸಾವಿರಕ್ಕೂ ಮೀರಿದ ಸಿಬ್ಬಂದಿ. ಇಷ್ಟು ಜನಕ್ಕೆ ಮೂರು ತಿಂಗಳ ಸಾಮಾನನ್ನು ಒಮ್ಮೆಲೇ ತುಂಬಲಾಗದು. ಕೆಡದ ಸಾಮಾನು ದಾರಿಯ ಬಂದರುಗಳಿಗೆ ಕಂಟೇನರಿನಲ್ಲಿ ಮುಂಚಿತವಾಗಿಯೇ ಹೋಗಿ ಕಾಯುತ್ತದೆ, ಹಣ್ಣು ತರಕಾರಿ ಅಲ್ಲಲ್ಲೇ ಖರೀದಿ. ಸಸ್ಯಾಹಾರಿಗಳು ಹೆದರಬೇಕಿಲ್ಲ. ಅಡುಗೆಮನೆಯಲ್ಲಿ ಭಾರತದವರು ಇದ್ದೇ ಇರುತ್ತಾರೆ. ಹಿಂದಿನ ರಾತ್ರಿಯೇ ಹೆಡ್ ವೇಟರ್‌ಗೆ ಹೇಳಿಟ್ಟರೆ ದಾಲ್, ಪಲ್ಯ, ಚಪಾತಿ ಪಟ್ಟಿಯಲ್ಲಿ ಇರದಿದ್ದರೂ ತಟ್ಟೆಗೆ ಬಂದೀತು. ಇರಿಸುಮುರಿಸಾಗುವುದು ಬೇರೆ ಕಡೆ. ಈ ಹಡಗಿನಲ್ಲಿ ನೀವು ಯಾವ ಕ್ಯಾಬಿನ್ ಕೊಂಡಿದ್ದೀರಿ ಎಂಬುದರ ಮೇಲೆ ಯಾವ ಊಟದ ಸಾಲೆ ಎಂಬುದು ನಿರ್ಧಾರವಾಗುತ್ತದೆ. ದೊಡ್ಡ ಸೂಟ್‌ನವರಿಗೆ ಕ್ವೀನ್ಸ್ ಗ್ರಿಲ್, ಬಹುಪಾಲಿನವರಿಗೆ ಬ್ರಿಟಾನಿಯಾ. ಹಳೆಯ ಕಾಲದ ದರ್ಜೆಗಳು ಹೋದವು ಎನ್ನುತ್ತಾರೆ. ಪಂಕ್ತಿಭೇದ ಹೋಗಿಲ್ಲ. ಸಂಜೆ ಆರರ ನಂತರ ಉಡುಪಿಗೂ ಕಟ್ಟಳೆ, ಗಾಲಾ ರಾತ್ರಿಗಳಲ್ಲಿ ಗಂಡಸರಿಗೆ ಕಪ್ಪು ಸೂಟು. ನಮ್ಮ ಹೆಂಗಸರಿಗೆ ಮಾತ್ರ ಈ ಚಿಂತೆಯಿಲ್ಲ. ಒಂದೆರಡು ರೇಷ್ಮೆ ಸೀರೆ ಇದ್ದರೆ ಎಲ್ಲ ರಾತ್ರಿಗೂ ಸಾಕು.

ಬಟ್ಟೆ ಎಂದಾಗ ಒಗೆಯುವ ಕೋಣೆಯ ಮಾತು ಹೇಳಲೇಬೇಕು. ಬೆಂಕಿಯ ಭಯದಿಂದ ಕ್ಯಾಬಿನ್ನಿನಲ್ಲಿ ಇಸ್ತ್ರಿಪೆಟ್ಟಿಗೆ ಇಡಲು ಬಿಡುವುದಿಲ್ಲ. ಇಸ್ತ್ರಿ, ಒಗೆಯುವ ಯಂತ್ರ, ಒಣಗಿಸುವ ಯಂತ್ರ ಎಲ್ಲ ಡೆಕ್ಕಿನ ಒಂದು ಮೂಲೆಯ ಸಣ್ಣ ಕೋಣೆಯಲ್ಲಿ. ಕೊಟ್ಟು ಒಗೆಸಬಹುದು, ಆದರೆ ಬಿಲ್ಲು ನೋಡಿದ ಮೇಲೆ ಕೋಟ್ಯಧಿಪತಿಗಳೂ ಬುಟ್ಟಿ ಹಿಡಿದು ಇಲ್ಲಿಗೇ ಬರುತ್ತಾರೆ. ಯಂತ್ರದ ಗಡಿಯಾರ ಸೊನ್ನೆಗೆ ಬಂದು ಒಡೆಯರು ಬರದಿದ್ದರೆ ಮುಂದಿನವರು ಒದ್ದೆ ಬಟ್ಟೆಯನ್ನು ತೆಗೆದು ಮೇಲಿಡಬಹುದೇ? ಹಡಗಿನಲ್ಲಿ ನಡೆಯುವ ಜಗಳಗಳಲ್ಲಿ ಹೆಚ್ಚಿನವು ಇದೊಂದೇ ಪ್ರಶ್ನೆಯ ಸುತ್ತ. ಯಾರ ಕ್ಯಾಬಿನ್ ಮೇಲ್ದರ್ಜೆಗೆ ಏರಿತು, ಯಾರು ಮುಂದಿನ ಬಂದರಿನಲ್ಲಿ ಇಳಿದುಹೋಗುತ್ತಾರೆ ಎಂಬ ಸುದ್ದಿಗಳೆಲ್ಲ ಹುಟ್ಟುವುದೂ ಇಲ್ಲೇ. ಸಮುದ್ರ ಪ್ರಯಾಣದ ಮೊದಲ ದಿನ ಮಧ್ಯಾಹ್ನ ಹೋಗಬೇಡಿ. ಎಲ್ಲರೂ ಬಂದರಿಗೆ ಇಳಿದ ಹೊತ್ತಿನಲ್ಲಿ ಹೋದರೆ ಕೋಣೆ ಪೂರ್ತಿ ನಿಮ್ಮದೇ.

ಹೊಟ್ಟೆ ತೊಳಸುವುದಕ್ಕೆ ಹೆದರುವವರು ಕೆಳಗಿನ ಡೆಕ್ಕಿನ ನಡುಭಾಗದ ಕ್ಯಾಬಿನ್ ಹಿಡಿಯಬೇಕು, ಕುಲುಕಾಟ ಅಲ್ಲಿ ಕಡಿಮೆ. ಹಡಗಿನ ಎರಡೂ ಪಕ್ಕೆಗಳಿಂದ ನೀರೊಳಗೆ ಚಾಚುವ ರೆಕ್ಕೆಗಳಿವೆ. ಅವು ಅಡ್ಡ ಹೊಯ್ದಾಟವನ್ನು ತಗ್ಗಿಸುತ್ತವೆ, ಮೂತಿ ಎದ್ದು ಬೀಳುವುದನ್ನು ತಡೆಯಲಾರವು. ಲಿಫ್ಟಿನ ಬಳಿಯ ಕಂಬಿಗಳಿಗೆ ಕಾಗದದ ಚೀಲಗಳನ್ನು ಸಿಕ್ಕಿಸತೊಡಗಿದರೆಂದರೆ ರಾತ್ರಿಗೆ ಏನೋ ಕಾದಿದೆ ಎಂದು ತಿಳಿಯಿರಿ. ಇದಕ್ಕಿಂತ ದೊಡ್ಡ ಪೀಡೆ ನೊರೊವೈರಸ್ ಎಂಬ ವಾಂತಿಭೇದಿ. ಕೈಗೆ ಹಚ್ಚುವ ಸ್ಯಾನಿಟೈಸರ್‌ಗೆ ಅದು ಅಷ್ಟಾಗಿ ಜಗ್ಗದು, ಸೋಪು ಹಚ್ಚಿ ತೊಳೆಯುವುದೇ ಮದ್ದು. ತಗುಲಿದವರು ಕ್ಯಾಬಿನ್ನಿನಲ್ಲೇ ಬಂದಿ. ಆಸ್ಪತ್ರೆಯಲ್ಲಿ ಡಾಕ್ಟರು, ನರ್ಸು, ಎಕ್ಸ್‌ರೇ, ರಕ್ತಪರೀಕ್ಷೆ ಉಂಟು. ದೊಡ್ಡ ಶಸ್ತ್ರಚಿಕಿತ್ಸೆ ಇಲ್ಲ. ಹೆಲಿಕಾಪ್ಟರ್ ಬರುವುದು ದಡದಿಂದ ಕೆಲವು ನೂರು ಕಿಲೋಮೀಟರಿನವರೆಗೆ ಮಾತ್ರ. ಪೆಸಿಫಿಕ್ ನಡುವೆ ಎದೆನೋವು ಬಂದರೆ ದಿನಗಟ್ಟಲೆ ಕಾಯಬೇಕಾದೀತು. ವಯಸ್ಸಾದವರೇ ಹೆಚ್ಚಿರುವ ಇಂಥ ಹಡಗುಗಳಲ್ಲಿ ಸಣ್ಣದೊಂದು ಶವಾಗಾರವೂ ಇರುತ್ತದೆ, ಜಾಹೀರಾತಿನಲ್ಲಿ ಅದರ ಚಿತ್ರ ಹಾಕುವುದಿಲ್ಲ ಅಷ್ಟೆ. ಹಡಗಿನಿಂದ ಹೊತ್ತೊಯ್ಯುವ ಖರ್ಚನ್ನು ಭರಿಸುವ ವಿಮೆಯಿಲ್ಲದೆ ಹತ್ತುವುದು ಹುಚ್ಚಾಟ.

ಬಂದರಿನ ದಿನ ಬೆಳಕು ಹರಿಯುವ ಮೊದಲೇ ಆ ಊರಿನ ಪೈಲಟ್ ಸಣ್ಣ ದೋಣಿಯಲ್ಲಿ ಬಂದು, ಪಕ್ಕೆಯ ಹಗ್ಗದ ಏಣಿ ಹತ್ತಿ, ದಾರಿ ತೋರಿಸಲು ನಿಲ್ಲುತ್ತಾನೆ. ಕಟ್ಟೆಯಲ್ಲಿ ಜಾಗ ಸಿಗದಿದ್ದರೆ ಲಂಗರು ಹಾಕಿ ದೋಣಿಗಳಲ್ಲಿ ಇಳಿಸುತ್ತಾರೆ. ಆ ದಿನ ಹಡಗಿನ ಕ್ಯಾಸಿನೊ, ಅಂಗಡಿಗಳು ಸಾಮಾನ್ಯವಾಗಿ ಬಾಗಿಲು ಹಾಕಿರುತ್ತವೆ. ತೆರಿಗೆಯಿಲ್ಲದ ವ್ಯಾಪಾರ, ಜೂಜು ಎರಡೂ ಆ ದೇಶದ ನೀರು ದಾಟಿದ ಮೇಲೆಯೇ. ನವೆಂಬರಿನಿಂದ ಬೇಸಿಗೆಯವರೆಗೆ ಪಣಂಬೂರಿನ ನವಮಂಗಳೂರು ಬಂದರಿಗೂ ಇಂಥ ಹಡಗುಗಳು ಬರುತ್ತವೆ. ಬೆಳಗ್ಗೆ ಇಳಿದವರು ಕುದ್ರೋಳಿ, ಸಂತ ಅಲೋಶಿಯಸ್ ಚಾಪೆಲ್, ಗೇರುಬೀಜದ ಕಾರ್ಖಾನೆ, ಮೂಡುಬಿದಿರೆಯ ಸಾವಿರ ಕಂಬದ ಬಸದಿ ನೋಡಿಕೊಂಡು ಸಂಜೆಗೆ ವಾಪಸ್. ಹೇಳಿದ ಹೊತ್ತಿಗೆ ಬರದಿದ್ದರೆ ಹಡಗು ಕಾಯುವುದಿಲ್ಲ. ಕಂಪನಿಯದೇ ಬಸ್ಸಿನಲ್ಲಿ ಹೋಗಿದ್ದರೆ ಆ ಮಾತು ಬೇರೆ. ತಪ್ಪಿಸಿಕೊಂಡವರು ಸ್ವಂತ ಖರ್ಚಿನಲ್ಲಿ ಮುಂದಿನ ಬಂದರಿಗೆ ಹೋಗಿ ಹತ್ತಬೇಕು. ಭಾರತದ ಪಾಸ್‌ಪೋರ್ಟಿನವರಿಗೆ ಇನ್ನೊಂದು ತಲೆನೋವು ವೀಸಾ. ಕೆಲವು ದೇಶಗಳಲ್ಲಿ ಹಡಗಿನಿಂದ ಇಳಿಯದಿದ್ದರೂ ವೀಸಾ ಕೇಳುತ್ತಾರೆ. ಒಂದೇ ದೇಶಕ್ಕೆ ಎರಡು ಸಲ ಹೊಕ್ಕು ಹೊರಡುವ ಹಾದಿಯಾದರೆ ಹಲವು ಸಲದ ವೀಸಾ ಬೇಕು. ಕ್ಯಾಬಿನ್ ಆರಿಸುವ ಮೊದಲು ಈ ಕಡತ ಶುರುಮಾಡುವುದು ಜಾಣತನ. ಹಾದಿಯೂ ಬದಲಾಗಬಹುದು. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದ ಮೇಲೆ ಅನೇಕ ಕಂಪನಿಗಳು ಸೂಯೆಜ್ ಬಿಟ್ಟು ಆಫ್ರಿಕಾ ಸುತ್ತಿ ಬಂದವು. ಪುಸ್ತಕದಲ್ಲಿದ್ದ ಬಂದರುಗಳು ಹೋಗಿ ಬರೀ ನೀರಿನ ದಿನಗಳು ಬಂದವು.

ಇಷ್ಟನ್ನೂ ನಡೆಸುವವರು ಪ್ರಯಾಣಿಕರ ಡೆಕ್ಕುಗಳ ಕೆಳಗಿದ್ದಾರೆ. ಹಡಗಿನ ಉದ್ದಕ್ಕೂ ಸಿಬ್ಬಂದಿಗೆಂದೇ ಒಂದು ಓಣಿ. ಅಮೆರಿಕದ ಹೆದ್ದಾರಿಯ ಹೆಸರಿಟ್ಟು ಅನೇಕ ಹಡಗುಗಳಲ್ಲಿ ಅದನ್ನು ಐ-95 ಎನ್ನುತ್ತಾರೆ. ಫಿಲಿಪ್ಪೀನ್ಸ್, ಇಂಡೋನೇಷ್ಯಾದವರ ಜೊತೆ ಗೋವಾ, ಮುಂಬೈ, ಮಂಗಳೂರು ಕಡೆಯ ಹುಡುಗರೂ ಅಲ್ಲಿದ್ದಾರೆ. ಕರಾವಳಿಯಲ್ಲಿ "ಮಗ ಶಿಪ್ಪಿನಲ್ಲಿದ್ದಾನೆ" ಎಂದರೆ ಆರರಿಂದ ಒಂಬತ್ತು ತಿಂಗಳ ಕಾಂಟ್ರಾಕ್ಟು, ವಾರದ ರಜೆಯಿಲ್ಲ. 2006ರ ಕಡಲ ಕಾರ್ಮಿಕರ ಒಪ್ಪಂದ ದಿನಕ್ಕೆ ಹತ್ತು ಗಂಟೆ, ವಾರಕ್ಕೆ 77 ಗಂಟೆ ವಿಶ್ರಾಂತಿ ಕೊಡಲೇಬೇಕು ಎನ್ನುತ್ತದೆ. ವಿಶ್ರಾಂತಿಯನ್ನು ಎಣಿಸಿದ ಕಾನೂನು ಇದು. ಉಳಿದ ಗಂಟೆಗಳನ್ನು ನೀವೇ ಎಣಿಸಿಕೊಳ್ಳಿ. ನಿಮ್ಮ ಕ್ಯಾಬಿನ್ ನೋಡಿಕೊಳ್ಳುವವರ ಹೆಸರು ಕೇಳಿ ತಿಳಿದುಕೊಂಡಿರಿ, ಮೂರು ತಿಂಗಳು ನಿಮ್ಮ ಹಾಸಿಗೆ ಸರಿಮಾಡುವವರು ಅವರೇ.

ಹಡಗಿನಲ್ಲಿ ನಗದು ನಡೆಯುವುದಿಲ್ಲ. ಬಾಗಿಲು ತೆರೆಯುವ ಕಾರ್ಡೇ ಖರ್ಚಿನ ಕಾರ್ಡು. ಸಿಬ್ಬಂದಿಯ ಭಕ್ಷೀಸು ಟಿಕೆಟ್ಟಿನಲ್ಲಿ ಸೇರಿರದಿದ್ದರೆ ದಿನದಿನವೂ ಅದರಲ್ಲೇ ಏರುತ್ತಿರುತ್ತದೆ. ವಾರಕ್ಕೊಮ್ಮೆ ಲೆಕ್ಕದ ಚೀಟಿ ತೆಗೆಸಿ ನೋಡಿ, ಮೂರು ತಿಂಗಳ ಕಾಫಿಯ ತಕರಾರನ್ನು ಕೊನೆಯ ದಿನ ಯಾರೂ ಕೇಳುವುದಿಲ್ಲ. ಆ ಕೊನೆಯ ರಾತ್ರಿ ಪೆಟ್ಟಿಗೆಗಳಿಗೆ ಬಣ್ಣದ ಚೀಟಿ ಕಟ್ಟಿ ಮಲಗುವ ಮೊದಲು ಬಾಗಿಲಾಚೆ ಇಡಬೇಕು. ರಾತ್ರೋರಾತ್ರಿ ಅವು ಕೆಳಗೆ ಹೋಗಿಬಿಡುತ್ತವೆ. ಬೆಳಗ್ಗೆ ಉಡುವ ಬಟ್ಟೆ, ಚಪ್ಪಲಿ, ಗುಳಿಗೆ, ಪಾಸ್‌ಪೋರ್ಟು ಒಳಗೇ ಇಟ್ಟುಕೊಂಡಿದ್ದೀರಾ ಎಂದು ಎರಡು ಸಲ ನೋಡಿ. ರಾತ್ರಿಯುಡುಪಿನಲ್ಲೇ ಕಸ್ಟಮ್ಸ್ ದಾಟಿದವರಿದ್ದಾರೆ.