ಹೊಲಕ್ಕೆ ಬರುವ ಜಿಂಕೆಯೂ ರಿವಾಲ್ವರಿನ ಗುಂಡೂ
(ಸಮೀಪದ ಈಡಿನಲ್ಲಿ ಗುಂಡಿನ ತೂಕ ಮತ್ತು ವೇಗದ ವಿಚಾರ)

ರಾಗಿಯು ತೆನೆ ಕಟ್ಟುವ ಕಾಲಕ್ಕೆ ಕಾಡಂಚಿನ ಹೊಲಗಳಲ್ಲಿ ಜಿಂಕೆ, ಕಡವೆ, ಹಂದಿಗಳ ಕಾಟವು ಹೆಚ್ಚುವುದು ಜಮೀನುದಾರರೆಲ್ಲರಿಗೂ ತಿಳಿದ ಸಂಗತಿಯೇ. ರಾತ್ರಿ ಅಟ್ಟಣೆಯ ಮೇಲೆ ಕಾವಲಿರುವವನಿಗೆ ಮೃಗವು ಹದಿನೈದು ಇಪ್ಪತ್ತು ಗಜದಷ್ಟು ಹತ್ತಿರಕ್ಕೆ ಬರುವುದುಂಟು. ಆತ್ಮರಕ್ಷಣೆಗೆಂದು ಲೈಸೆನ್ಸು ಪಡೆದ ರಿವಾಲ್ವರೊಂದು ಮನೆಯಲ್ಲಿದ್ದರೆ, ಇಷ್ಟು ಸಮೀಪದಲ್ಲಿ ಯಾವ ಗುಂಡಾದರೇನು ಎಂಬ ಯೋಚನೆಯು ಹುಟ್ಟುವುದು ಸಹಜ. ಈ ಯೋಚನೆಯು ಎರಡು ವಿಧದಲ್ಲಿ ತಪ್ಪಾದುದು. ಮೊದಲನೆಯದಾಗಿ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಜಿಂಕೆಯನ್ನು ಕೊಲ್ಲುವುದು ಅಪರಾಧ. ಷಿಕಾರಿಗೆ ಲೈಸೆನ್ಸು ಕೊಡುವ ಪದ್ಧತಿಯೂ 1991ರ ತಿದ್ದುಪಡಿಯೊಡನೆ ನಿಂತುಹೋಯಿತು. ಎರಡನೆಯದಾಗಿ, ಹತ್ತಿರದ ಮಾತ್ರಕ್ಕೆ ದುರ್ಬಲವಾದ ಗುಂಡು ಬಲವುಳ್ಳದ್ದಾಗುವುದಿಲ್ಲ. ಕಾನೂನಿನ ಮಾತನ್ನು ಬಹುಮಂದಿ ಬಲ್ಲರು. ಗುಂಡಿನ ಲೆಕ್ಕವನ್ನು ಬಲ್ಲವರು ವಿರಳ.

ಗುಂಡಿನ ಶಕ್ತಿಯು ಅದರ ತೂಕ, ವೇಗ ಎರಡನ್ನೂ ಅವಲಂಬಿಸಿದೆ. ತೂಕವು ಎರಡರಷ್ಟಾದರೆ ಶಕ್ತಿಯು ಎರಡರಷ್ಟಾಗುವುದು. ವೇಗವು ಎರಡರಷ್ಟಾದರೆ ಶಕ್ತಿಯು ನಾಲ್ಕರಷ್ಟಾಗುವುದು. ನಮ್ಮ ದೇಶದಲ್ಲಿ ಸಾಧಾರಣವಾಗಿ ದೊರೆಯುವುದು ಕಾನ್ಪುರದ ಸರ್ಕಾರಿ ಕಾರ್ಖಾನೆಯಲ್ಲಿ ತಯಾರಾದ .32 ಬೋರಿನ ರಿವಾಲ್ವರು. ಅದರ ಗುಂಡು ಸುಮಾರು 98 ಗ್ರೇನು ತೂಗುವುದು. ನಳಿಗೆಯನ್ನು ಬಿಡುವಾಗಿನ ವೇಗವು ಸೆಕೆಂಡಿಗೆ ಸುಮಾರು 700 ಅಡಿ. ಇದರಿಂದ ಬರುವ ಶಕ್ತಿಯು 107 ಅಡಿ-ಪೌಂಡಿನ ಆಸುಪಾಸು. ಹನ್ನೆರಡು ಬೋರಿನ ಬಂದೂಕಿನ ಎಸ್.ಜಿ. ತೋಟಾವನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಆ ಚರೆಗಳು ಔನ್ಸಿಗೆ ಎಂಟರಂತೆ ತೂಗುವುವು. ಸೆಕೆಂಡಿಗೆ 1,200 ಅಡಿ ವೇಗದಲ್ಲಿ ಹೊರಟ ಒಂದೊಂದು ಚರೆಯ ಶಕ್ತಿಯೂ ನಳಿಗೆಯ ಬಾಯಲ್ಲಿ ಸುಮಾರು 175 ಅಡಿ-ಪೌಂಡು. ಅಂದರೆ ಒಂದೇ ಈಡಿನಲ್ಲಿ ಹೋಗುವ ಹಲವು ಚರೆಗಳಲ್ಲಿ ಒಂದಕ್ಕಿರುವಷ್ಟು ಬಲವೂ ಆ ರಿವಾಲ್ವರಿನ ಇಡೀ ಗುಂಡಿಗಿಲ್ಲ.

ಕೈಬಂದೂಕಿನಿಂದ ಜಿಂಕೆಯ ಬೇಟೆಯಾಡಲು ಕಾನೂನಿನ ಅನುಮತಿಯಿರುವ ದೇಶಗಳೂ ಉಂಟು. ಅಮೆರಿಕದ ಕೊಲೊರಾಡೊ ಸಂಸ್ಥಾನವು ಇದಕ್ಕೆ ಗೊತ್ತುಮಾಡಿರುವ ಕನಿಷ್ಠ ಮಿತಿಯು 50 ಗಜದ ದೂರದಲ್ಲಿ 550 ಅಡಿ-ಪೌಂಡು. 1935ರಲ್ಲಿ ಬಂದ .357 ಮ್ಯಾಗ್ನಮ್ ತೋಟಾವು 158 ಗ್ರೇನಿನ ಗುಂಡನ್ನು 1,235 ಅಡಿ ವೇಗದಲ್ಲಿ ಕಳುಹಿಸಿ ನಳಿಗೆಯ ಬಾಯಲ್ಲಿಯೇ 535 ಅಡಿ-ಪೌಂಡನ್ನು ಕೊಡುವುದು. ಈ ಅಳತೆಯ ಈಡು ಆ ಮಿತಿಗೆ ಮುಟ್ಟುವುದಿಲ್ಲ. 1955ರಲ್ಲಿ ಬಂದ .44 ಮ್ಯಾಗ್ನಮ್ ತೋಟಾದ 240 ಗ್ರೇನಿನ ಗುಂಡು 1,200 ಅಡಿ ವೇಗದಲ್ಲಿ ಹೊರಟರೆ 767 ಅಡಿ-ಪೌಂಡು ಬರುವುದು, ಇದು ನಮ್ಮ.32ರ ಏಳರಷ್ಟು. ಅಲ್ಲಿಯ ಬೇಟೆಗಾರರು ಬಿಳಿಬಾಲದ ಜಿಂಕೆಗೆ ಇಂಥ ಈಡನ್ನು ಆರಿಸಿಕೊಳ್ಳುವರು. ನಮ್ಮ ಚುಕ್ಕೆ ಜಿಂಕೆಯ ಗಂಡು ಅದಕ್ಕೆ ಸರಿದೂಗುವ ಪ್ರಾಣಿ. ಕಡವೆಯಾದರೋ ಅದರ ಮೂರರಷ್ಟು ತೂಗಬಲ್ಲುದು.

ಶಕ್ತಿಯ ಅಂಕಿಯೊಂದೇ ಸಾಲದು. ರೈಫಲಿನ ಅತಿವೇಗದ ಗುಂಡು ತನ್ನ ಸುತ್ತಲಿನ ಮಾಂಸವನ್ನೂ ಹರಿಯುವುದು; ಕೈಬಂದೂಕಿನ ಗುಂಡು ಕೊಲ್ಲುವುದು ತಾನು ಕೊರೆದ ರಂಧ್ರದಿಂದ ಮಾತ್ರ. ಆ ರಂಧ್ರವು ಪಕ್ಕೆಲುಬನ್ನು ದಾಟಿ ಶ್ವಾಸಕೋಶವನ್ನೋ ಹೃದಯವನ್ನೋ ತಲಪಬೇಕು. ಮೂತಿಯಲ್ಲಿ ಕುಳಿಯಿರುವ ಗುಂಡು ಅರಳಿ ಅಗಲವಾಗುವುದೆಂದು ಹೇಳುವರು. ಆದರೆ ಅರಳಲು ತಕ್ಕ ವೇಗವಿರಬೇಕು. ವೇಗವು ಕಡಮೆಯಾದರೆ ಅದು ಅರಳದೆ ಸಾಮಾನ್ಯ ಗುಂಡಿನಂತೆಯೇ ಹೋಗುವುದು. ಹಗುರವಾದ ಗುಂಡಿಗೆ ವೇಗವು ಅತಿಯಾದರೆ ಬೇಗನೆ ಅರಳಿ, ಭುಜದ ಮೂಳೆಯಲ್ಲೇ ಒಡೆದು ನಿಲ್ಲುವುದು. ಆದುದರಿಂದ ಸಮೀಪದ ಈಡಿಗೆ ಬಲ್ಲವರು ಮೊದಲು ತೂಕವನ್ನು ನೋಡಿ, ಗಟ್ಟಿ ಸೀಸದ ಚಪ್ಪಟೆ ಮೂತಿಯ ಭಾರವಾದ ಗುಂಡನ್ನು ಸಾಧಾರಣ ವೇಗದಲ್ಲಿ ಬಳಸುವರು. ಪಟ್ಟಿಗಳಲ್ಲಿ ಅಚ್ಚಾಗಿರುವ ವೇಗವನ್ನು ಅನೇಕ ವೇಳೆ ಉದ್ದ ನಳಿಗೆಯಲ್ಲಿ ಅಳೆದಿರುವುದೆಂಬುದನ್ನೂ ನೆನಪಿಡತಕ್ಕದ್ದು. ಮೂರು ಅಂಗುಲದ ನಳಿಗೆಯಲ್ಲಿ ಮದ್ದಿನ ಒತ್ತಡವು ಗುಂಡನ್ನು ಪೂರ್ತಿ ದಬ್ಬುವುದಕ್ಕೆ ಮುಂಚೆಯೇ ಗುಂಡು ಹೊರಬಿದ್ದಿರುವುದು. ತೋಟಾ ತುಂಬುವ ಉರುಳೆಗೂ ನಳಿಗೆಗೂ ನಡುವಣ ಸಂದಿನಿಂದ ಸ್ವಲ್ಪ ಅನಿಲವೂ ಸೋರಿಹೋಗುವುದು.

ಇನ್ನು ಗುರಿಯ ಮಾತು. ಜಿಂಕೆಯ ದೇಹದಲ್ಲಿ ಕೂಡಲೇ ಪ್ರಾಣ ಹೋಗುವ ಜಾಗವು ಎಂಟು ಅಂಗುಲ ಅಗಲದ ತಟ್ಟೆಯಷ್ಟು. ಕೈಯು ಒಂದೇ ಒಂದು ಡಿಗ್ರಿ ಓರೆಯಾದರೆ ಇಪ್ಪತ್ತು ಗಜದಲ್ಲಿ ಗುಂಡು ಒಂದು ಅಡಿಗೂ ಹೆಚ್ಚು ಆಚೆ ಬೀಳುವುದು. ರಾತ್ರಿಯ ಹೊತ್ತು, ಚಳಿಗೆ ನಡುಗುವ ಕೈ, ಅರೆಬೆಳಕು! ಇಂಥ ಈಡು ತಾಗಿದರೂ ಹೊಟ್ಟೆಗೋ ತೊಡೆಗೋ ತಾಗುವುದೇ ಹೆಚ್ಚು. ಪೆಟ್ಟು ತಿಂದ ಮೃಗವು ಪೊದೆಯೊಳಗೆ ನುಗ್ಗಿ ನರಳಿ ಸಾಯುವುದು. ಬೆಳೆಗೆ ಅದರಿಂದ ಯಾವ ರಕ್ಷಣೆಯೂ ಆಗಲಿಲ್ಲ, ಏಕೆಂದರೆ ಮಂದೆಯ ಉಳಿದ ಜಿಂಕೆಗಳು ಮರುದಿನ ಮತ್ತೆ ಬರುವುವು.

ತಪ್ಪಿದ ಗುಂಡಿನ ಗತಿಯೇನು? .22ರಂಥ ಅತಿ ಸಣ್ಣ ತೋಟಾದ ಗುಂಡೂ ಒಂದು ಮೈಲಿಗೆ ಮೀರಿ ಹೋಗಬಲ್ಲುದು. ಬೆಂಗಳೂರಿನ ಪೂರ್ವಕ್ಕಿರುವ ಕಾಡುಗೋಡಿಯನ್ನೇ ತೆಗೆದುಕೊಳ್ಳಬಹುದು. ಅಲ್ಲಿಯ ಪ್ಲಾಂಟೇಷನ್ನಿನ 711 ಎಕರೆಯನ್ನು 1896ರಲ್ಲಿ ಮೈಸೂರು ಸಂಸ್ಥಾನವು ಅರಣ್ಯವೆಂದು ಪ್ರಕಟಿಸಿತ್ತು. ಅದರೊಳಗಿನ 120 ಎಕರೆ ಒತ್ತುವರಿಯನ್ನು ಅರಣ್ಯ ಇಲಾಖೆಯು 2025ರಲ್ಲಿ ಹಿಂದಕ್ಕೆ ಪಡೆಯಿತು. ಹೆಸರಿನಲ್ಲಿ ಕಾಡಿದ್ದರೂ ಇಂದು ಸುತ್ತಲೂ ಮನೆ, ಕಾರ್ಖಾನೆ, ಕಚೇರಿಗಳು. 2023ರಿಂದ ಮೆಟ್ರೋ ರೈಲು ಅಲ್ಲಿಯವರೆಗೂ ಓಡುತ್ತಿದೆ. ಇಂಥಲ್ಲಿ ಒಂದು ಮೈಲಿಯೊಳಗೆ ಗುಂಡು ಬೀಳಬಹುದಾದ ನಿರ್ಜನ ಭೂಮಿಯೇ ಇಲ್ಲ. ನಗರದಿಂದ ದೂರವಿರುವ ಗ್ರಾಮದಲ್ಲಿಯೂ ಪಕ್ಕದ ಹೊಲದ ಅಟ್ಟಣೆಯಲ್ಲಿ ಇನ್ನೊಬ್ಬ ಕಾವಲುಗಾರನು ಕುಳಿತಿರುವನೆಂಬುದನ್ನು ಗ್ರಾಮದ ಮುಖಂಡರು ರೈತರಿಗೆ ಎತ್ತಿ ಹೇಳತಕ್ಕದ್ದು.

1959ರ ಆಯುಧ ಕಾಯಿದೆಯು ನಿಜವಾದ ಬೆಳೆ ರಕ್ಷಣೆಗೆಂದು ಹೆಸರಿಸಿರುವುದು ಬಾಯಿಂದ ಮದ್ದು ತುಂಬುವ ಕೋವಿಯನ್ನು, ಪಿಸ್ತೂಲು ರಿವಾಲ್ವರುಗಳನ್ನಲ್ಲ. ಆ ಕೋವಿಯ ಲೈಸೆನ್ಸೂ ಜಿಂಕೆಯನ್ನು ಕೊಲ್ಲಲು ಅಪ್ಪಣೆಯಲ್ಲ. ಕೃಷ್ಣಮೃಗವನ್ನು ಕೊಂದವನಿಗೆ ಮೂರರಿಂದ ಏಳು ವರ್ಷದವರೆಗೆ ಸೆರೆವಾಸವಾಗಬಹುದು. ವಶಪಡಿಸಿಕೊಂಡ ಆಯುಧವು ಸರ್ಕಾರದ ಸ್ವತ್ತಾಗುವುದು.

ಬೆಳೆಯನ್ನು ಉಳಿಸಿಕೊಳ್ಳಲು ಈಡಿಗಿಂತ ಬೇಲಿಯೇ ಮೇಲು. ಚುಕ್ಕೆ ಜಿಂಕೆಯು ಎತ್ತರಕ್ಕೆ ನೆಗೆಯುವುದರಿಂದ ಎಂಟು ಅಡಿಯ ಬಲೆಬೇಲಿಯು ಬೇಕಾಗುವುದು. ಖರ್ಚು ಹೆಚ್ಚಾದ್ದರಿಂದ ನಾಲ್ಕಾರು ಹಿಡುವಳಿದಾರರು ಸೇರಿ ಒಂದೇ ಸುತ್ತುಬೇಲಿಯನ್ನು ಹಾಕಿಸುವುದು ಉತ್ತಮ. ಸೌರಶಕ್ತಿಯ ಬೇಲಿಯು ಕ್ಷಣಮಾತ್ರದ ಪೆಟ್ಟನ್ನು ಕೊಟ್ಟು ಹಿಮ್ಮೆಟ್ಟಿಸುವುದು. ಮನೆಯ ವಿದ್ಯುತ್ತನ್ನು ನೇರವಾಗಿ ತಂತಿಗೆ ಹರಿಸುವುದು ಮಾತ್ರ ಎಂದಿಗೂ ಕೂಡದು. ಅದು ಜಿಂಕೆಗಿಂತ ಮೊದಲು ಮನುಷ್ಯನನ್ನೋ ದನವನ್ನೋ ಕೊಲ್ಲುವುದು. ತಮಟೆ, ಡಬ್ಬ, ದೀಪಗಳಿಗೆ ಮೃಗಗಳು ಕೆಲವು ದಿನಗಳಲ್ಲಿ ಒಗ್ಗಿಕೊಳ್ಳುವುದರಿಂದ ಅವುಗಳನ್ನು ಜಾಗ ಬದಲಾಯಿಸುತ್ತ ಉಪಯೋಗಿಸಬೇಕು. ಬೆಳೆಯು ಹಾಳಾದರೆ ತುಳಿದ ಹೊಲವನ್ನು ಉಳುವುದಕ್ಕೆ ಮುಂಚೆಯೇ ಚಿತ್ರ ತೆಗೆದಿಟ್ಟುಕೊಂಡು, ಪಹಣಿಯೊಡನೆ ಹತ್ತಿರದ ಅರಣ್ಯ ಕಚೇರಿಗೆ ಪರಿಹಾರದ ಅರ್ಜಿಯನ್ನು ಕೊಡತಕ್ಕದ್ದು.