ಯಂತ್ರವೇ, ಕಾರಣ ಹೇಳು!

1904ರ ಸುಮಾರಿನಲ್ಲಿ ಬರ್ಲಿನ್ ನಗರವನ್ನೆಲ್ಲ ಬೆರಗುಗೊಳಿಸಿದ ಕುದುರೆಯೊಂದಿದ್ದಿತು. ಅದರ ಹೆಸರು ಹ್ಯಾನ್ಸ್. ಲೆಕ್ಕ ಕೇಳಿದರೆ ಗೊರಸಿನಿಂದ ನೆಲವನ್ನು ತಟ್ಟಿ ಸರಿಯುತ್ತರ ಕೊಡುತ್ತಿದ್ದಿತು. ಆಸ್ಕರ್ ಫುಂಗ್‌ಸ್ಟ್ ಎಂಬ ಮನಶ್ಶಾಸ್ತ್ರಜ್ಞನು 1907ರಲ್ಲಿ ಅದರ ಗುಟ್ಟನ್ನು ಬಯಲುಮಾಡಿದನು. ಕುದುರೆಗೆ ಗಣಿತ ಬಾರದು. ಕೇಳಿದವರ ತಲೆಯ ಸೂಕ್ಷ್ಮ ಚಲನೆಯನ್ನು ಕಂಡು ಅದು ತಟ್ಟುವುದನ್ನು ನಿಲ್ಲಿಸುತ್ತಿದ್ದಿತು. ಉತ್ತರ ಸರಿ, ಕಾರಣ ಬೇರೆ!

ಇದೇ ಸಂದೇಹವು ಇಂದು ಔಷಧಗಳನ್ನು ಹುಡುಕುವ ಗಣಕಯಂತ್ರಗಳ ವಿಷಯದಲ್ಲಿಯೂ ಹುಟ್ಟಿದೆ. ಅನೇಕ ಔಷಧಗಳು ಪುಟ್ಟ ಅಣುಗಳು. ಪ್ರೋಟೀನಿನ ಕುಳಿಯಲ್ಲಿ, ಬೀಗದೊಳಗೆ ಬೀಗದ ಕೈಯಂತೆ, ಕೂಡಿಕೊಂಡು ಅವು ಕೆಲಸ ಮಾಡುತ್ತವೆ. ಕೂಡುವ ಅಣುಗಳನ್ನೂ ಕೂಡದವುಗಳನ್ನೂ ಸಾವಿರಗಟ್ಟಲೆ ತೋರಿಸಿ ಯಂತ್ರಕ್ಕೆ ಪಾಠ ಹೇಳುತ್ತಾರೆ. ಹೊಸ ಅಣುವನ್ನು ಕಂಡಾಗ "ಇದು ಕೂಡುತ್ತದೆ" ಎಂದು ಅದು ತೀರ್ಪು ಕೊಡುತ್ತದೆ. ಏಕೆಂಬುದನ್ನು ಮಾತ್ರ ಹೇಳದು. ಅದರ ಅರಿವೆಲ್ಲ ಅಸಂಖ್ಯ ಅಂಕಿಗಳಲ್ಲಿ ಹುದುಗಿರುತ್ತದೆ.

2019ರಲ್ಲಿ ಪ್ರಕಟವಾದ ಪರೀಕ್ಷೆಯೊಂದು ವಿಜ್ಞಾನಿಗಳನ್ನು ಎಚ್ಚರಿಸಿತು. 102 ಪ್ರೋಟೀನುಗಳಿಗೆ ಸಂಬಂಧಿಸಿದ ಹೆಸರಾಂತ ಮಾಹಿತಿಸಂಗ್ರಹವೊಂದರಿಂದ, ಪ್ರೋಟೀನಿನ ವಿವರವನ್ನೇ ಕೊಡದೆ, ಯಂತ್ರಕ್ಕೆ ಕಲಿಸಿ ನೋಡಿದರು. ಆದರೂ ಅದು ಗಳಿಸಿದ ಅಂಕಗಳು ಹೆಚ್ಚುಕಡಿಮೆ ಹಾಗೆಯೇ ಉಳಿದವು! ಬೀಗವನ್ನೇ ನೋಡದೆ ಕೈಯನ್ನು ಆರಿಸಿದಂತಾಯಿತು. ನಿಜವಾದ ಅಣುಗಳಿಗೂ ಹುಸಿ ಅಣುಗಳಿಗೂ ಆ ಸಂಗ್ರಹದಲ್ಲಿದ್ದ ವ್ಯತ್ಯಾಸವನ್ನಷ್ಟೇ ಯಂತ್ರವು ಹಿಡಿದಿದ್ದಿತು. ಹ್ಯಾನ್ಸನ ವಿದ್ಯೆಯೇ ಸರಿ!

ಅಮೆರಿಕದ ಎಂ.ಐ.ಟಿ.ಯ ಜೇಮ್ಸ್ ಕಾಲಿನ್ಸ್, ಫೆಲಿಕ್ಸ್ ವಾಂಗ್ ಮತ್ತು ಸಂಗಡಿಗರು 2023ರ ಡಿಸೆಂಬರಿನಲ್ಲಿ 'ನೇಚರ್' ಪತ್ರಿಕೆಯಲ್ಲಿ ಕಾರಣ ಕೇಳುವ ದಾರಿಯೊಂದನ್ನು ತೋರಿದರು. ಸ್ಟೆಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯದ ಮೇಲೆ 39,312 ರಾಸಾಯನಿಕಗಳನ್ನು ಪರೀಕ್ಷಿಸಿ, ಆ ಫಲಿತಾಂಶಗಳಿಂದ ಯಂತ್ರಕ್ಕೆ ಕಲಿಸಿದರು. ಮನುಷ್ಯನ ಜೀವಕೋಶಗಳಿಗೆ ಯಾವುದು ವಿಷವೆಂಬುದನ್ನೂ ಕಲಿಸಿದರು. ಬಳಿಕ ಅದು 1 ಕೋಟಿ 20 ಲಕ್ಷಕ್ಕೂ ಮಿಕ್ಕ ಅಣುಗಳನ್ನು ಜಾಲಾಡಿತು. ಬರಿಯ ಉತ್ತರದಿಂದ ಅವರು ತೃಪ್ತರಾಗಲಿಲ್ಲ. ಯಂತ್ರವು ಮೆಚ್ಚಿದ ಅಣುವಿನಿಂದ ಒಂದೊಂದೇ ಭಾಗವನ್ನು ಕಳಚುತ್ತ, ಮೆಚ್ಚಿಕೆ ಕುಂದದಂತೆ ಉಳಿಯುವ ಸಣ್ಣ ತುಣುಕನ್ನು ಹುಡುಕಿದರು. ಆ ತುಣುಕೇ ಯಂತ್ರದ ತೀರ್ಪಿಗೆ ಕಾರಣ. ಹೀಗೆ ಆರಿಸಿದ 283 ಅಣುಗಳನ್ನು ಪ್ರಯೋಗಶಾಲೆಯಲ್ಲಿ ಒರೆಗೆ ಹಚ್ಚಿದಾಗ ಪ್ರತಿಜೀವಕಗಳ ಹೊಸ ಕುಲವೊಂದು ದೊರೆಯಿತು. ಮೆಥಿಸಿಲಿನ್ ಔಷಧಕ್ಕೆ ಜಗ್ಗದ ಬ್ಯಾಕ್ಟೀರಿಯವು ಸೋಂಕಿದ ಇಲಿಗಳಲ್ಲಿ ರೋಗಾಣುಗಳ ಸಂಖ್ಯೆಯನ್ನು ಅದು ಸುಮಾರು ಹತ್ತರಲ್ಲೊಂದು ಪಾಲಿಗೆ ಇಳಿಸಿತು.

ಯಂತ್ರವು ಹೇಳುವ ಕಾರಣವಾದರೂ ಯಂತ್ರದ್ದು; ಪ್ರಕೃತಿಯ ಕಾರಣವೂ ಅದೇ ಎಂಬುದನ್ನು ಪ್ರಯೋಗವೇ ನಿರ್ಣಯಿಸಬೇಕು. ಆದರೆ ಕಾರಣ ತಿಳಿದರೆ ಅದನ್ನು ಪರೀಕ್ಷಿಸಬಹುದು, ತಪ್ಪಿದ್ದರೆ ತಿದ್ದಬಹುದು. ಲೆಕ್ಕದ ಕ್ರಮವನ್ನು ತೋರಿಸದ ಹುಡುಗನಿಗೆ ಉಪಾಧ್ಯಾಯರು ಪೂರ್ತಿ ಅಂಕ ಕೊಡುವುದಿಲ್ಲ. ರೋಗಿಯು ನುಂಗಬೇಕಾದ ಗುಳಿಗೆಯ ಲೆಕ್ಕದಲ್ಲಿ ಆ ಕಟ್ಟುನಿಟ್ಟು ಇನ್ನೂ ಹೆಚ್ಚಾಗಿರಬೇಡವೆ?