ಎನ್‌ವಿಎಂಇ ಡಿಸ್ಕ್: ವೇಗವೇ ಬೇರೆ, ಭದ್ರತೆಯೇ ಬೇರೆ

ಕೃಷ್ಣಾ, ದೂಧಗಂಗಾ ಮತ್ತು ವೇದಗಂಗಾ ನದಿಗಳ ಸೀಮೆಯಲ್ಲಿರುವ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಹಾಗೂ ಕಾಗವಾಡ ತಾಲ್ಲೂಕುಗಳಿಗೆ ಪ್ರವಾಹ ಹೊಸತಲ್ಲ. 2019ರ ಆಗಸ್ಟ್ ಮತ್ತು 2021ರ ಜುಲೈ ತಿಂಗಳ ನೆರೆಯಲ್ಲಿ ನಿಪ್ಪಾಣಿ ಸಮೀಪದ ಯಮಗರ್ಣಿ ಬಳಿ ಪುಣೆ-ಬೆಂಗಳೂರು ರಾಷ್ಟ್ರೀಯ ಹೆದ್ದಾರಿಯೇ ಬಂದ್ ಆಗಿತ್ತು. ಇಂಥ ಊರುಗಳಲ್ಲಿ ಸಹಕಾರಿ ಸಂಘದ ಸಾಲದ ಖಾತೆ, ಕಬ್ಬಿನ ತೂಕದ ಲೆಕ್ಕ, ಅಡತಿ ಅಂಗಡಿಯ ಬಾಕಿ ಪಟ್ಟಿ ಇವೆಲ್ಲವೂ ಮೇಜಿನ ಕೆಳಗಿನ ಒಂದೇ ಗಣಕಯಂತ್ರದಲ್ಲಿದ್ದರೆ ನೀರು ಹೊಕ್ಕ ದಿನ ಎಲ್ಲವೂ ಹೋದಂತೆಯೇ. ಆದ್ದರಿಂದ ಲೆಕ್ಕಪತ್ರವನ್ನು ದೂರದ ಕ್ಲೌಡ್ ಸರ್ವರ್‌ಗೆ ಸಾಗಿಸುವುದು ವಿವೇಕದ ನಡೆ. ಆದರೆ ಅಲ್ಲಿಯೂ ಒಂದು ಸುಳಿಯಿದೆ. ಅದರ ಹೆಸರು ‘ಎನ್‌ವಿಎಂಇ’.

ಯಾರಿಗೆ ಈ ಪ್ರಶ್ನೆ?: ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಗಣಕೀಕರಣಕ್ಕಾಗಿ ಕೇಂದ್ರ ಸಚಿವ ಸಂಪುಟವು 2022ರ ಜೂನ್‌ನಲ್ಲಿ 2,516 ಕೋಟಿ ರೂಪಾಯಿ ವೆಚ್ಚದ ಯೋಜನೆಗೆ ಒಪ್ಪಿಗೆ ನೀಡಿತು. ದೇಶದ 63 ಸಾವಿರ ಸಂಘಗಳಿಗೆ ಕ್ಲೌಡ್ ಆಧಾರಿತ ಏಕರೂಪದ ತಂತ್ರಾಂಶ ಒದಗಿಸುವುದು ಆಗ ಅದರ ಗುರಿಯಾಗಿತ್ತು. ಅಲ್ಲಿ ಸರ್ವರ್ ಆಯ್ಕೆಯ ಹೊಣೆ ಸಂಘದ ಕಾರ್ಯದರ್ಶಿಯ ಮೇಲಿಲ್ಲ. ಆದರೆ ಸ್ವಂತ ತಂತ್ರಾಂಶ ಬಳಸುವ ಸೌಹಾರ್ದ ಸಹಕಾರಿಗಳು, ವ್ಯಾಪಾರಿಗಳು, ಶಿಕ್ಷಣ ಸಂಸ್ಥೆಗಳು ಸರ್ವರನ್ನು ತಾವೇ ಬಾಡಿಗೆಗೆ ಪಡೆಯಬೇಕಾಗುತ್ತದೆ. ಅವರ ಕೈಗೆ ಬರುವ ದರಪಟ್ಟಿಯಲ್ಲಿ ‘ಎನ್‌ವಿಎಂಇ’ ಎಂಬ ಪದ ಎದ್ದು ಕಾಣುತ್ತದೆ.

ಏನಿದು ಎನ್‌ವಿಎಂಇ?: ಇದು ಡಿಸ್ಕ್‌ನ ಹೆಸರಲ್ಲ. ಗಣಕಯಂತ್ರ ಹಾಗೂ ಎಸ್‌ಎಸ್‌ಡಿ ಸಂಗ್ರಹ ಸಾಧನದ ನಡುವಿನ ಸಂವಹನದ ನಿಯಮಾವಳಿ. ಇದರ ಮೊದಲ ಆವೃತ್ತಿ 2011ರ ಮಾರ್ಚ್‌ನಲ್ಲಿ ಪ್ರಕಟವಾಯಿತು. ಅದಕ್ಕೂ ಹಿಂದಿನ ನಿಯಮಗಳು ತಿರುಗುವ ತಟ್ಟೆಯ ಹಾರ್ಡ್ ಡಿಸ್ಕ್‌ಗಳನ್ನು ಗಮನದಲ್ಲಿಟ್ಟು ರೂಪುಗೊಂಡವು. ನಿಮಿಷಕ್ಕೆ 7,200 ಸುತ್ತು ತಿರುಗುವ ತಟ್ಟೆ ಅರ್ಧ ಸುತ್ತು ಮುಗಿಸಲು ಸುಮಾರು 4 ಮಿಲಿಸೆಕೆಂಡ್ ಬೇಕು. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿಯು ಸುಮಾರು 0.1 ಮಿಲಿಸೆಕೆಂಡ್‌ನಲ್ಲಿ ಉತ್ತರಿಸಬಲ್ಲದು.

ಸಾಧನ ವೇಗವಾದರೂ ಅದರತ್ತ ಹೋಗುವ ದಾರಿ ಹಳೆಯದೇ ಆಗಿತ್ತು. ಸಾಟಾ ಸಂಪರ್ಕದ ಹಳೆಯ ವ್ಯವಸ್ಥೆಯಲ್ಲಿ ಒಂದೇ ಸರದಿ, ಅದರಲ್ಲಿ ಗರಿಷ್ಠ 32 ಆದೇಶ. ಸಕ್ಕರೆ ಕಾರ್ಖಾನೆಯ ಅಂಗಳದಲ್ಲಿ ಒಂದೇ ತೂಕದ ಕಾಟಾ ಇದ್ದು, ಅದರ ಮುಂದೆ 32 ಟ್ರ್ಯಾಕ್ಟರ್ ನಿಂತಂತೆ. ಎನ್‌ವಿಎಂಇ ನಿಯಮವು ಸುಮಾರು 64 ಸಾವಿರ ಸರದಿಗಳಿಗೆ, ಪ್ರತಿಯೊಂದರಲ್ಲೂ ಅಷ್ಟೇ ಆದೇಶಗಳಿಗೆ ಅವಕಾಶ ನೀಡುತ್ತದೆ. ಸಾಟಾ ಮಾರ್ಗದಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 600 ಮೆಗಾಬೈಟ್ ಸಾಗಿದರೆ, ಮೂರನೇ ಪೀಳಿಗೆಯ ಪಿಸಿಐ ಎಕ್ಸ್‌ಪ್ರೆಸ್ ಮಾರ್ಗ ಬಳಸುವ ಎನ್‌ವಿಎಂಇ ಸಾಧನದಲ್ಲಿ 3,500 ಮೆಗಾಬೈಟ್‌ವರೆಗೂ ಸಾಗುತ್ತದೆ.

ಒಂದೇ ಹೆಸರು, ಎರಡು ವಸ್ತು: ಕ್ಲೌಡ್‌ನ ವರ್ಚುವಲ್ ಸರ್ವರ್ ಎಂದರೆ ದೊಡ್ಡ ಯಂತ್ರವೊಂದರ ಬಾಡಿಗೆ ಪಾಲು. ಅದಕ್ಕೆ ಸಂಗ್ರಹ ಎರಡು ಬಗೆಯಲ್ಲಿ ದೊರೆಯುತ್ತದೆ. ಮೊದಲನೆಯದು, ಅದೇ ಯಂತ್ರದೊಳಗೆ ಜೋಡಿಸಿದ ಸ್ಥಳೀಯ ಡಿಸ್ಕ್. ಎರಡನೆಯದು, ದತ್ತಾಂಶ ಕೇಂದ್ರದ ಬೇರೆಡೆಯಿದ್ದು ಜಾಲದ ಮೂಲಕ ಜೋಡಣೆಯಾಗುವ ಡಿಸ್ಕ್. ಅಮೆಜಾನ್ ವೆಬ್ ಸರ್ವಿಸಸ್‌ನ ಹೊಸ ಪೀಳಿಗೆಯ ಸರ್ವರ್‌ಗಳಲ್ಲಿ ಈ ಎರಡೂ ಬಗೆಯವು ‘ಎನ್‌ವಿಎಂಇ’ ಎಂದೇ ಕಾಣಿಸಿಕೊಳ್ಳುತ್ತವೆ. ಹೆಸರು ನೋಡಿ ವ್ಯತ್ಯಾಸ ತಿಳಿಯಲು ಬಾರದು.

ವ್ಯತ್ಯಾಸವಾದರೂ ಸಣ್ಣದಲ್ಲ. ಜಾಲದ ಡಿಸ್ಕ್‌ನ ಮಾಹಿತಿಗೆ ಸೇವಾ ಸಂಸ್ಥೆಯೇ ಒಂದಕ್ಕಿಂತ ಹೆಚ್ಚು ಪ್ರತಿ ಇಡುತ್ತದೆ. ಸರ್ವರ್ ನಿಲ್ಲಿಸಿದರೂ ಮಾಹಿತಿ ಉಳಿಯುತ್ತದೆ. ಸ್ಥಳೀಯ ಡಿಸ್ಕ್ ಹಾಗಲ್ಲ. ಅಮೆಜಾನ್‌ನಲ್ಲಿ ಸರ್ವರನ್ನು ‘ರೀಬೂಟ್’ ಮಾಡಿದರೆ ಸ್ಥಳೀಯ ಡಿಸ್ಕ್‌ನ ಮಾಹಿತಿ ಉಳಿಯುತ್ತದೆ, ‘ಸ್ಟಾಪ್’ ಮಾಡಿದರೆ ಅಳಿಯುತ್ತದೆ. ರಾತ್ರಿಯ ಬಾಡಿಗೆ ಉಳಿಸಲು ಸರ್ವರ್ ನಿಲ್ಲಿಸಿದ ಸಂಸ್ಥೆಗೆ ಬೆಳಿಗ್ಗೆ ಖಾಲಿ ಡಿಸ್ಕ್ ಎದುರಾಗಬಹುದು. ಇದು ದೋಷವಲ್ಲ, ಆ ಸೇವೆಯ ಷರತ್ತು. ಇನ್ನು ಸಣ್ಣ ಸೇವಾದಾರರು ಮಾರುವ ಅಗ್ಗದ ‘ಎನ್‌ವಿಎಂಇ’ ಸರ್ವರ್‌ಗಳಲ್ಲಿ ಸಾಮಾನ್ಯವಾಗಿ ನಿಲ್ಲಿಸಿದಾಗಲೂ ಮಾಹಿತಿ ಉಳಿಯುತ್ತದೆ. ಆದರೆ ಬೇರೆಡೆ ಪ್ರತಿ ಇಲ್ಲದಿದ್ದರೆ, ಆ ಒಂದು ಯಂತ್ರ ಕೆಟ್ಟ ದಿನ ಅದೂ ಹೋಗುತ್ತದೆ. ನದಿಯ ನೀರಿಗೆ ಹೆದರಿ ಹೊರಟವರು ಇಲ್ಲಿ ಸಿಲುಕಬಾರದು.

ಎಷ್ಟು ವೇಗ ಬೇಕು?: ಅಮೆಜಾನ್ 2020ರ ಡಿಸೆಂಬರ್‌ನಲ್ಲಿ ಪರಿಚಯಿಸಿದ ‘ಜಿಪಿ3’ ಎಂಬ ಸಾಧಾರಣ ಜಾಲ ಡಿಸ್ಕ್ ಕೂಡ ಮೂಲ ದರದಲ್ಲಿಯೇ ಸೆಕೆಂಡಿಗೆ 3,000 ಓದು-ಬರಹಗಳನ್ನು ನಿಭಾಯಿಸುತ್ತದೆ. ಹತ್ತಿಪ್ಪತ್ತು ಗುಮಾಸ್ತರು ಏಕಕಾಲಕ್ಕೆ ನಮೂದು ಮಾಡುವ ಕಚೇರಿಗೆ ಇದು ಸಾಮಾನ್ಯವಾಗಿ ಧಾರಾಳ. ಇದಲ್ಲದೆ, ಚಿಕ್ಕೋಡಿಯಿಂದ ಮುಂಬಯಿಯ ಸರ್ವರ್‌ಗೆ 400 ಕಿಲೋಮೀಟರ್ ಕೇಬಲ್ ಎಂದುಕೊಂಡರೂ ಬೆಳಕಿನ ವೇಗದ ಮಿತಿಯಿಂದಾಗಿ ಹೋಗಿಬರಲು ಕನಿಷ್ಠ 4 ಮಿಲಿಸೆಕೆಂಡ್ ಹಿಡಿಯುತ್ತದೆ. 0.1 ಮಿಲಿಸೆಕೆಂಡಿನ ಡಿಸ್ಕ್ ತಂದರೂ ಈ ಅಂತರ ಕುಗ್ಗದು. ಪರದೆ ನಿಧಾನವಾಗಿದ್ದರೆ ಮೊದಲು ಪರೀಕ್ಷಿಸಬೇಕಾದುದು ಅಂತರ್ಜಾಲ ಸಂಪರ್ಕ ಮತ್ತು ತಂತ್ರಾಂಶ.

ಹಾಗಾದರೆ ಸ್ಥಳೀಯ ಎನ್‌ವಿಎಂಇ ವ್ಯರ್ಥವೇ? ಖಂಡಿತ ಅಲ್ಲ. ಹಂಗಾಮಿನ ಕೊನೆಗೆ ಸಾವಿರಾರು ರೈತರ ಬಿಲ್ಲು ಲೆಕ್ಕ ಹಾಕುವಾಗ ಹುಟ್ಟುವ ತಾತ್ಕಾಲಿಕ ಕಡತಗಳು, ಪದೇ ಪದೇ ಓದುವ ಮಾಹಿತಿಯ ನಕಲು, ವರದಿ ತಯಾರಿಕೆ ಇಂಥ ಕೆಲಸಗಳಿಗೆ ಅದು ಹೇಳಿ ಮಾಡಿಸಿದ್ದು. ಮತ್ತೆ ಸಿದ್ಧಪಡಿಸಬಹುದಾದುದು ಅಲ್ಲಿರಲಿ. ಕಳೆದರೆ ಮರಳಿ ಬಾರದ ಮೂಲ ಖಾತೆ ಜಾಲದ ಡಿಸ್ಕ್‌ನಲ್ಲಿರಲಿ.

ಕೇಳಲೇಬೇಕಾದ ಪ್ರಶ್ನೆಗಳು: ಹಣ ಕಟ್ಟುವ ಮುನ್ನ ಸೇವಾದಾರರನ್ನು ಮೂರು ಮಾತು ಕೇಳಬೇಕು. ಡಿಸ್ಕ್ ಸ್ಥಳೀಯವೇ, ಜಾಲದ್ದೇ? ಸರ್ವರ್ ನಿಲ್ಲಿಸಿದರೆ ಅಥವಾ ಯಂತ್ರ ಕೆಟ್ಟರೆ ಮಾಹಿತಿ ಏನಾಗುತ್ತದೆ? ಬ್ಯಾಕಪ್ ಪ್ರತಿ ಯಾವ ಊರಿನಲ್ಲಿದೆ, ಎಷ್ಟು ಗಂಟೆಗೊಮ್ಮೆ ತೆಗೆಯಲಾಗುತ್ತದೆ? ಉತ್ತರ ಲಿಖಿತವಾಗಿರಲಿ. ಅಮೆಜಾನ್‌ಗೆ 2016ರಿಂದ ಮುಂಬಯಿಯಲ್ಲಿ, 2022ರಿಂದ ಹೈದರಾಬಾದಿನಲ್ಲಿ ಕೇಂದ್ರಗಳಿರುವುದರಿಂದ ಮೂಲ ಒಂದೆಡೆ, ಪ್ರತಿ ಇನ್ನೊಂದೆಡೆ ಇಡಲು ಅಡ್ಡಿಯಿಲ್ಲ. ತೆಗೆದಿಟ್ಟ ಪ್ರತಿಯಿಂದ ಲೆಕ್ಕವನ್ನು ನಿಜಕ್ಕೂ ಮರಳಿ ತೆರೆಯಲು ಸಾಧ್ಯವೇ ಎಂಬುದನ್ನು ವರ್ಷಕ್ಕೊಮ್ಮೆ, ಮುಂಗಾರಿಗೆ ಮುನ್ನ ಮೇ ತಿಂಗಳಲ್ಲಿ, ಪರೀಕ್ಷಿಸಿ ನೋಡುವುದು ಒಳಿತು.